ಐದು ಸಲ ಆನೆ, ಇಪ್ಪತ್ತು ಊರು

ಕೇಳುಗರಿಗೆ ನಮಸ್ಕಾರ. ಕೊಡಗಿನಲ್ಲಿ ನಾಲ್ಕು ಜನ ಸೇರಿದರೆ, ಮಳೆಯ ಮಾತು ಮುಗಿದ ಮೇಲೆ ಬರುವುದು ಆನೆಯ ಮಾತು. 'ಆನೆ ಕಾಟವೆಲ್ಲ ನಾಲ್ಕೈದು ಊರಲ್ಲೇ ಕಣ್ರೀ' ಅಂತ ಯಾರಾದರೂ ಲೆಕ್ಕ ತೋರಿಸುತ್ತಾರೆ. ಅಂಥ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ಸುಮ್ನೆ ಮಾತಿಗೆ 20 ಊರು ಇಟ್ಟುಕೊಳ್ಳಿ. ಒಂದು ತಿಂಗಳಲ್ಲಿ ಆನೆ ತೋಟಕ್ಕೆ ನುಗ್ಗಿದ್ದು 5 ಸಲ, ಪ್ರತಿ ಸಲವೂ ಬೇರೆ ಊರಿಗೆ. ಇದಕ್ಕಿಂತ ಸಮನಾಗಿ ಹಂಚಲು ಪಾಪ, ಆನೆಗೂ ಆಗುವುದಿಲ್ಲ. ಆದರೂ ವರದಿ ಏನು ಹೇಳುತ್ತದೆ? ಹಾವಳಿಯೆಲ್ಲ ಕಾಲು ಭಾಗ ಊರುಗಳಲ್ಲೇ ಅಂತ. 15 ಊರು ಖಾಲಿ ಉಳಿಯಲೇಬೇಕಲ್ವಾ?

ಸರಿ, 20 ಸಲ ಬಂತು ಅನ್ನಿ. ಯಾವ ಊರು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರೂ, ಸರಾಸರಿ 7 ಊರಿಗೆ ಒಂದು ಸಲವೂ ಬರುವುದಿಲ್ಲ, ಕೆಲವಕ್ಕೆ ಎರಡು ಮೂರು ಸಲ ಬರುತ್ತದೆ. ನಮ್ಮ ಲೆಕ್ಕವನ್ನು ಹೋಲಿಸಬೇಕಾದದ್ದು ಈ ಚೀಟಿ ಲೆಕ್ಕಕ್ಕೆ. ಹಾಗಂತ ಆನೆಗೆ ಎಲ್ಲ ಊರೂ ಒಂದೇ ಅನ್ನುತ್ತಿಲ್ಲ. ಆನೆ ಕಾಟ ಹೆಚ್ಚಿರುವ ತಿತಿಮತಿ, ಸಿದ್ದಾಪುರದ ಕಡೆಯವರು ನನ್ನನ್ನು ಬಿಟ್ಟಾರೆಯೇ!

ಕಾಫಿ ತೋಟದ ನೆರಳು ಮರದ ಲೆಕ್ಕದಲ್ಲೂ ಇದೇ ಕಥೆ: ಎಣಿಸಿದ್ದು ಕಡಿಮೆಯಾದರೆ ಎಲ್ಲ ಒಂದೇ ಕಡೆ ಸೇರಿದ ಹಾಗೆ ಕಾಣುತ್ತದೆ. ತೋಟದಲ್ಲಿ ಸಿಲ್ವರ್ ಓಕ್ ಜಾಸ್ತಿಯೋ, ಹಲವು ಜಾತಿ ಉಂಟೋ ಎಂದು ಅಳೆಯಲು ಒಂದು ಅಂಕಿ ಇದೆ. ಪ್ರತಿ ಜಾತಿಯ ಪಾಲನ್ನು ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಬೇಕು. ಇಡೀ ತೋಟ ಒಂದೇ ಜಾತಿಯಾದರೆ 1. ಐದು ಜಾತಿ ಸಮನಾಗಿದ್ದರೆ 0.2. ಅಂಥ ಐದು ಜಾತಿಯ ದೊಡ್ಡ ತೋಟದಲ್ಲಿ ಎಲ್ಲೆಲ್ಲೋ 4 ಮರ ಮಾತ್ರ ನೋಡಿ ಲೆಕ್ಕ ಹಾಕಿದರೆ ಸರಾಸರಿ 0.4 ಬರುತ್ತದೆ, ನಿಜಕ್ಕಿಂತ ಎರಡರಷ್ಟು! 40 ಮರ ನೋಡಿದರೆ 0.22.

ಯಾಕೆ ಹೀಗೆ? ಎರಡು ಮರ ಎತ್ತಿಕೊಂಡರೆ ಅವು ಒಂದೇ ಜಾತಿಯಾಗುವ ಸಾಧ್ಯತೆ ಎಷ್ಟು ಎಂಬುದೇ ಆ ಅಂಕಿ. ಪಾಲನ್ನು ಅದರಿಂದಲೇ ಗುಣಿಸಿದಾಗ ಒಂದು ಮರ ತನಗೆ ತಾನೇ ಜೋಡಿಯಾಗಿಬಿಡುತ್ತದೆ. ತನ್ನ ಜಾತಿ ತನ್ನದೇ ತಾನೇ! ನಾಲ್ಕೇ ಮರದಲ್ಲಿ ಇಂಥ ಸುಳ್ಳು ಜೋಡಿಗಳ ಪಾಲು ದೊಡ್ಡದು.

ಈ ಅಳತೆಯನ್ನೂ ಅದರ ತಿದ್ದುಪಡಿಯನ್ನೂ 1949ರಲ್ಲಿ ನೇಚರ್ ಪತ್ರಿಕೆಯಲ್ಲಿ ಕೊಟ್ಟವರು ಎಡ್ವರ್ಡ್ ಸಿಂಪ್ಸನ್, ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಬ್ಲೆಚ್ಲಿ ಪಾರ್ಕಿನಲ್ಲಿ ಗುಪ್ತಲಿಪಿ ಬಿಡಿಸುತ್ತಿದ್ದವರು. ಸುಲಭ ಕೆಲಸ. ಒಂದು ಜಾತಿಯಲ್ಲಿ 3 ಮರ ಇದ್ದರೆ 3ನ್ನು 3ರಿಂದಲ್ಲ, 2ರಿಂದ ಗುಣಿಸಿ. ಎಲ್ಲ ಜಾತಿಗೂ ಹೀಗೆ ಮಾಡಿ ಕೂಡಿ. ಭಾಗಿಸುವಾಗಲೂ, ನೋಡಿದ್ದು ಒಟ್ಟು 4 ಮರವಾದರೆ, 4ನ್ನು 4ರಿಂದಲ್ಲ, 3ರಿಂದ ಗುಣಿಸಿ, ಬಂದದ್ದರಿಂದ ಭಾಗಿಸಿ.

ಇದರಿಂದ ಸರಾಸರಿ ಸರಿಹೋಗುತ್ತದೆ. ಆದರೆ 4 ಮರ ಹಿಡಿದುಕೊಂಡರೆ ಒಮ್ಮೆ 0, ಇನ್ನೊಮ್ಮೆ 0.5 ಬಂದೀತು. ಆ ಓಲಾಟ ಇನ್ನಷ್ಟು ಮರ ಎಣಿಸದೆ ನಿಲ್ಲುವುದಿಲ್ಲ. ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಯುವ ಕೆಲಸ, ಮಾಡುವಾಗ ಹೇಗೂ ಒಂದೊಂದು ಮರದ ಬುಡಕ್ಕೂ ಹೋಗುತ್ತೀರಲ್ಲ, ಆಗಲೇ ಜಾತಿ ಬರೆದಿಟ್ಟುಕೊಳ್ಳಿ.