ಭಾನುವಾರ ಎಂಟು ಗಂಟೆಯ ಪೂಜೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾಳೆ ಏನಾಗುತ್ತದೋ ಎಂದು ಜನ ಹೆದರಿ ಕೂತಿರುವಾಗ ಚರ್ಚಿನ ಹಿರಿಯರು ಏನು ಮಾಡಬೇಕು? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಎಲ್ ಸಾಲ್ವಡೋರ್ ದೇಶದ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೇರೊ. ಅವರ ಬಗ್ಗೆ ರೇಡಿಯೊದಲ್ಲಿ ಮಾತಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಅವರ ಮಾತು ಹಳ್ಳಿಹಳ್ಳಿಗೆ ಮುಟ್ಟಿದ್ದೇ ರೇಡಿಯೊದಿಂದ.

ಎಲ್ ಸಾಲ್ವಡೋರ್ ಮಧ್ಯ ಅಮೆರಿಕದ ಪುಟ್ಟ ದೇಶ. ನಮ್ಮ ಕರ್ನಾಟಕವನ್ನು ಒಂಬತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ನೆಲ. ಬೆಟ್ಟದ ಮೇಲೆ ಕಾಫಿ, ಬಯಲಲ್ಲಿ ಕಬ್ಬು, ಹತ್ತಿ. 1970ರ ದಶಕದಲ್ಲಿ ಒಳ್ಳೆಯ ಜಮೀನೆಲ್ಲ ಕೆಲವೇ ಮನೆತನಗಳ ಕೈಯಲ್ಲಿತ್ತು. ಅಧಿಕಾರ ಸೈನ್ಯದ ಕೈಯಲ್ಲಿತ್ತು. ಕೂಲಿ ಜಾಸ್ತಿ ಕೇಳಿದವರು, ಸಂಘ ಕಟ್ಟಿದವರು ರಾತ್ರೋರಾತ್ರಿ ಕಾಣೆಯಾಗುತ್ತಿದ್ದರು.

ರೊಮೇರೊ ಹುಟ್ಟಿದ್ದು 1917ರಲ್ಲಿ. ಹುಡುಗನಾಗಿದ್ದಾಗ ಬಡಗಿ ಕೆಲಸ ಕಲಿತವರು. ರೋಮಿಗೆ ಹೋಗಿ ಓದಿ, 1942ರಲ್ಲಿ ಗುರುದೀಕ್ಷೆ ಪಡೆದರು. ಸಂಕೋಚದ ಮನುಷ್ಯ. ಓದು, ಪ್ರಾರ್ಥನೆ, ಶಿಸ್ತು, ಇಷ್ಟೇ ಅವರ ಲೋಕ. 1977ರ ಫೆಬ್ರವರಿಯಲ್ಲಿ ಅವರನ್ನು ರಾಜಧಾನಿ ಸಾನ್ ಸಾಲ್ವಡೋರಿನ ಮಹಾಧರ್ಮಾಧ್ಯಕ್ಷರನ್ನಾಗಿ ಮಾಡಿದಾಗ ಶ್ರೀಮಂತರು ನಿಟ್ಟುಸಿರು ಬಿಟ್ಟರು. ಇವರು ಗಲಾಟೆ ಮಾಡುವವರಲ್ಲ ಎಂಬ ಸಮಾಧಾನ ಅವರಿಗೆ. ಬಡವರ ನಡುವೆ ಕೆಲಸ ಮಾಡುತ್ತಿದ್ದ ಎಷ್ಟೋ ಗುರುಗಳಿಗೆ ಮಾತ್ರ ನಿರಾಸೆಯಾಯಿತು.

ಮೂರು ವಾರ ಕಳೆಯುವಷ್ಟರಲ್ಲಿ ಎಲ್ಲ ಬದಲಾಯಿತು. ಮಾರ್ಚ್ 12ರಂದು ಅವರ ಗೆಳೆಯ ಫಾದರ್ ರುಟಿಲಿಯೊ ಗ್ರಾಂದೆ ಎಲ್ ಪಾಯ್ಸ್ನಾಲ್ ಎಂಬ ಹಳ್ಳಿಗೆ ಪೂಜೆ ಮಾಡಲು ಹೊರಟಿದ್ದರು. ದಾರಿಯಲ್ಲೇ ಅವರನ್ನು ಗುಂಡು ಹಾರಿಸಿ ಕೊಂದರು. ಜೊತೆಯಲ್ಲಿದ್ದ ಮುದುಕ ಮಾನ್ಯುಯೆಲ್ ಸೊಲೊರ್ಸಾನೊ, ಹದಿಹರೆಯದ ಹುಡುಗ ನೆಲ್ಸನ್ ರುಟಿಲಿಯೊ ಲೆಮುಸ್ ಕೂಡ ಸತ್ತರು. ಆ ರಾತ್ರಿಯೇ ರೊಮೇರೊ ಅಲ್ಲಿಗೆ ಹೋದರು. ಮೂರು ಹೆಣಗಳ ಮುಂದೆ, ಕಬ್ಬಿನ ಗದ್ದೆಯ ಕೂಲಿಗಳ ನಡುವೆ ನಿಂತು ಪೂಜೆ ಅರ್ಪಿಸಿದರು.

ಮುಂದಿನ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ, ಅಂದರೆ ಮಾರ್ಚ್ 20ರಂದು, ತಮ್ಮ ಧರ್ಮಪ್ರಾಂತ್ಯದಲ್ಲಿ ಒಂದೇ ಒಂದು ಬಲಿಪೂಜೆ ಎಂದು ಸಾರಿದರು. ಬೇರೆ ಯಾವ ಚರ್ಚಿನಲ್ಲೂ ಪೂಜೆ ಇಲ್ಲ, ಎಲ್ಲರೂ ಪ್ರಧಾನಾಲಯಕ್ಕೆ ಬನ್ನಿ ಎಂದರು. ಪೋಪರ ರಾಯಭಾರಿಗೆ ಇದು ಹಿಡಿಸಲಿಲ್ಲ. ಸರ್ಕಾರಕ್ಕೂ ಹಿಡಿಸಲಿಲ್ಲ. ಆದರೂ ಜನ ಬಂದರು. ಚರ್ಚಿನೊಳಗೆ ಜಾಗ ಸಾಲದೆ ಚೌಕದ ತುಂಬ ನಿಂತರು. ಕೊಲೆಯ ತನಿಖೆ ಆಗುವವರೆಗೂ ಸರ್ಕಾರದ ಯಾವ ಸಮಾರಂಭಕ್ಕೂ ಕಾಲಿಡುವುದಿಲ್ಲ ಎಂದರು ರೊಮೇರೊ. ತನಿಖೆ ಆಗಲಿಲ್ಲ. ಇವರೂ ಹೋಗಲಿಲ್ಲ. ಹೊಸ ಅಧ್ಯಕ್ಷರು ಪ್ರಮಾಣವಚನ ತೆಗೆದುಕೊಂಡ ದಿನ ಕೂಡ.

ಇನ್ನು ರೇಡಿಯೊ. ಆ ಧರ್ಮಪ್ರಾಂತ್ಯಕ್ಕೆ ವೈಎಸ್‌ಎಎಕ್ಸ್ ಎಂಬ ಸ್ವಂತ ಬಾನುಲಿ ಕೇಂದ್ರವಿತ್ತು. ಭಾನುವಾರ ಬೆಳಿಗ್ಗೆ ಎಂಟು ಗಂಟೆಯ ಪೂಜೆ ಅದರಲ್ಲಿ ಬರುತ್ತಿತ್ತು. ರೊಮೇರೊ ಅವರ ಪ್ರಬೋಧನೆ ಎಷ್ಟೋ ಸಲ ಒಂದು ಗಂಟೆ ದಾಟುತ್ತಿತ್ತು. ಅಷ್ಟು ಹೊತ್ತೂ ಜನ ಟ್ರಾನ್ಸಿಸ್ಟರ್ ಬಿಟ್ಟು ಏಳುತ್ತಿರಲಿಲ್ಲ. ಬೀದಿಯಲ್ಲಿ ನಡೆದುಕೊಂಡು ಹೋದರೂ ಒಂದು ಮಾತೂ ತಪ್ಪದೆ ಕೇಳಬಹುದಿತ್ತಂತೆ, ಎಲ್ಲ ಮನೆಯಲ್ಲೂ ಅದೇ ದನಿ.

ಮೊದಲು ಆ ದಿನದ ಬೈಬಲ್ ಪಾಠಗಳ ವಿವರಣೆ. ಆಮೇಲೆ ವಾರದ ಸುದ್ದಿ. ಯಾವ ಊರಲ್ಲಿ ಯಾರನ್ನು ಹಿಡಿದುಕೊಂಡು ಹೋದರು, ಯಾವ ದಿನ, ಹಿಡಿದವರು ಯಾವ ದಳದವರು, ಯಾರ ಹೆಣ ಯಾವ ದಾರಿಯಲ್ಲಿ ಸಿಕ್ಕಿತು, ಎಲ್ಲವೂ ಹೆಸರು ಸಮೇತ. ಪತ್ರಿಕೆಗಳು ಮುಟ್ಟದ ಸುದ್ದಿ ಇದು. ಎಡಪಂಥೀಯ ಗೆರಿಲ್ಲಾಗಳು ಯಾರನ್ನಾದರೂ ಅಪಹರಿಸಿದರೆ, ಕೊಂದರೆ ಅದನ್ನೂ ಖಂಡಿಸುತ್ತಿದ್ದರು.

ಈ ಹೆಸರುಗಳು ಸುಮ್ನೆ ಗಾಳಿಸುದ್ದಿಯಿಂದ ಬಂದವಲ್ಲ. ವಾರವಿಡೀ ತಾಯಂದಿರು ಮಗನ ಫೋಟೊ ಹಿಡಿದುಕೊಂಡು ಮಹಾಧರ್ಮಾಧ್ಯಕ್ಷರ ಕಚೇರಿಗೆ ಬರುತ್ತಿದ್ದರು. ಅಲ್ಲಿ ಸೊಕೊರೊ ಹುರಿದಿಕೊ ಎಂಬ ಕಾನೂನು ನೆರವಿನ ವಿಭಾಗವಿತ್ತು. ಅಲ್ಲಿನವರು ಒಬ್ಬೊಬ್ಬರ ಹೇಳಿಕೆಯನ್ನೂ ಬರೆದುಕೊಂಡು, ವಿಚಾರಿಸಿ ನೋಡುತ್ತಿದ್ದರು. ಆಮೇಲೆ ಆ ವಿವರ ರೊಮೇರೊ ಅವರ ಮೇಜಿಗೆ ಹೋಗುತ್ತಿತ್ತು.

ಸತ್ತವರ, ಕಾಣೆಯಾದವರ ಪಟ್ಟಿ ಓದಿದರೆ ಜನರಿಗೆ ಇನ್ನಷ್ಟು ಭಯವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಒಬ್ಬ ತಾಯಿಯ ಜಾಗದಲ್ಲಿ ನಿಂತು ಯೋಚಿಸಿ. ಠಾಣೆಗೆ ಹೋದರೆ, ಅಂಥವನನ್ನು ನಾವು ಹಿಡಿದೇ ಇಲ್ಲ ಅನ್ನುತ್ತಾರೆ. ಕೋರ್ಟಿನಲ್ಲಿ ದಾಖಲೆ ಇಲ್ಲ. ಪೇಪರಿನಲ್ಲಿ ಒಂದು ಸಾಲಿಲ್ಲ. ತನ್ನ ಮಗ ಭೂಮಿಯ ಮೇಲೆ ಇದ್ದದ್ದೇ ಸುಳ್ಳೇನೋ ಎನ್ನುವ ಹಾಗೆ ಎಲ್ಲರೂ ಮಾತಾಡುತ್ತಾರೆ. ಭಾನುವಾರ ಬೆಳಿಗ್ಗೆ ಅವನ ಹೆಸರು ರೇಡಿಯೊದಲ್ಲಿ ಬರುತ್ತದೆ. ಹೇಳುತ್ತಿರುವವರು ಮಹಾಧರ್ಮಾಧ್ಯಕ್ಷರು. ಇಡೀ ದೇಶ ಕೇಳುತ್ತಿದೆ. ಮಗ ವಾಪಸ್ ಬರಲಿಲ್ಲ, ನಿಜ. ಆದರೆ ಅವಳು ಹುಚ್ಚಿಯಲ್ಲ, ಒಂಟಿಯೂ ಅಲ್ಲ ಎಂದು ಅವತ್ತು ಗೊತ್ತಾಯಿತು. ಅದು ಸಣ್ಣ ಮಾತೇ?

ಕಷ್ಟ ಬಂದಾಗ "ಎಲ್ಲಾ ಸರಿಹೋಗುತ್ತೆ, ದೇವರಿದ್ದಾನೆ" ಎಂದು ಹೇಳಿ ಹೋಗುವ ಅಭ್ಯಾಸ ನಮ್ಮ ಸಭೆಗಳಲ್ಲೂ ಇದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ನೋವನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಹೇಳಿದ ಸಮಾಧಾನ ಕಿವಿ ದಾಟಿ ಒಳಗೆ ಇಳಿಯುವುದಿಲ್ಲ. ರೊಮೇರೊ ಮುಂದಿನ ವರ್ಷ ಒಳ್ಳೆಯದಾಗುತ್ತದೆ ಎಂದು ಯಾರಿಗೂ ಮಾತು ಕೊಡಲಿಲ್ಲ. ಅವರ ಭರವಸೆ ಪುನರುತ್ಥಾನದ ಮೇಲೆ ನಿಂತಿತ್ತು. ಹಾಗಾಗಿಯೇ ಶಿಲುಬೆಯನ್ನು ಮುಚ್ಚಿಡುವ ಅಗತ್ಯ ಅವರಿಗೆ ಬೀಳಲಿಲ್ಲ.

2020ರ ಲಾಕ್‌ಡೌನಿನಲ್ಲಿ ಚರ್ಚಿನ ಬಾಗಿಲು ಮುಚ್ಚಿದಾಗ ನಮ್ಮ ಧರ್ಮಕೇಂದ್ರದ ಫಾದರ್ ಒಂದು ನೋಟ್‌ಬುಕ್ ಇಟ್ಟುಕೊಂಡು ಮನೆಮನೆಗೆ ಫೋನ್ ಮಾಡುತ್ತಿದ್ದರು. ಯಾರಿಗೆ ಬಿಪಿ ಮಾತ್ರೆ ಮುಗಿದಿದೆ, ಯಾರ ಮನೆಯಲ್ಲಿ ಅಕ್ಕಿ ಇಲ್ಲ, ಯಾರ ಮಗ ಗಲ್ಫ್‌ನಲ್ಲಿ ಸಿಕ್ಕಿಕೊಂಡಿದ್ದಾನೆ, ಎಲ್ಲ ಬರೆದುಕೊಳ್ಳುತ್ತಿದ್ದರು. ಎಲ್ ಸಾಲ್ವಡೋರಿನ ಸಂಕಟವೇ ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ಹೆಸರು ಹಿಡಿದು ವಿಚಾರಿಸುವ ಆ ಗುಣ ಅವರಲ್ಲೂ ಕಂಡಿತು. ಆ ದಿನಗಳಲ್ಲಿ ಕೇಳಿದ ಎಷ್ಟೋ ಆನ್‌ಲೈನ್ ಪ್ರಬೋಧನೆಗಳು ಮರೆತಿವೆ, ಆ ಫೋನ್ ಕರೆ ಮರೆತಿಲ್ಲ.

ರೊಮೇರೊ ಧೈರ್ಯವಂತರು ಎಂದು ಎಲ್ಲರೂ ಹೇಳುತ್ತಾರೆ. ಅವರಿಗೆ ಭಯವಿತ್ತು ಎಂಬುದನ್ನೂ ಹೇಳಬೇಕು. 1980ರ ಫೆಬ್ರವರಿಯಲ್ಲಿ, ಕೊನೆಯ ಧ್ಯಾನಕೂಟದ ಟಿಪ್ಪಣಿಯಲ್ಲಿ, ಕೊಲೆಯಾಗುವ ಭಯವನ್ನು ಅವರೇ ಬರೆದುಕೊಂಡಿದ್ದಾರೆ. ಜೊತೆಗಿರಬೇಕಾದ ಧರ್ಮಾಧ್ಯಕ್ಷರಲ್ಲೇ ಹೆಚ್ಚಿನವರು ಅವರ ವಿರುದ್ಧ ನಿಂತಿದ್ದರು. ಗಟ್ಟಿಯಾಗಿ ಜೊತೆಗಿದ್ದವರು ಆರ್ತುರೊ ರಿವೇರಾ ಇ ದಾಮಾಸ್. ಸರ್ಕಾರ ಅಂಗರಕ್ಷಕರನ್ನು ಕೊಡುತ್ತೇನೆ ಎಂದಾಗ, ಮಂದೆಗೆ ಇಲ್ಲದ ರಕ್ಷಣೆ ಕುರುಬನಿಗೆ ಬೇಡ ಎಂದುಬಿಟ್ಟರು ರೊಮೇರೊ. ಅವರ ವಾಸವಿದ್ದದ್ದು ಸಿಸ್ಟರುಗಳು ನಡೆಸುವ ಒಂದು ಕ್ಯಾನ್ಸರ್ ಆಸ್ಪತ್ರೆಯ ಆವರಣದ ಪುಟ್ಟ ಮನೆಯಲ್ಲಿ.

ಅದೇ ಫೆಬ್ರವರಿಯಲ್ಲಿ ಬಾನುಲಿ ಕೇಂದ್ರಕ್ಕೆ ಬಾಂಬ್ ಇಟ್ಟರು. ಇದು ಬರುತ್ತದೆಂದು ರೊಮೇರೊಗೆ ಗೊತ್ತಿತ್ತು. 1979ರ ಜುಲೈನಲ್ಲೇ ಪ್ರಬೋಧನೆಯಲ್ಲಿ ಹೇಳಿದ್ದರು: ಒಂದು ದಿನ ನಮ್ಮ ರೇಡಿಯೊ ಕಿತ್ತುಕೊಳ್ಳಬಹುದು, ಪತ್ರಿಕೆ ನಿಲ್ಲಿಸಬಹುದು, ಗುರುಗಳನ್ನೂ ಧರ್ಮಾಧ್ಯಕ್ಷನನ್ನೂ ಕೊಲ್ಲಬಹುದು, ಆಗ ನಿಮ್ಮಲ್ಲಿ ಪ್ರತಿಯೊಬ್ಬರೂ ದೇವರ ಮೈಕ್ ಆಗಬೇಕು. ಈ ಮಾತು ನನಗೆ ತುಂಬ ದೊಡ್ಡದು. ತಾನಿಲ್ಲದಿದ್ದರೂ ಕೆಲಸ ನಿಲ್ಲಬಾರದು ಎಂದು ಬದುಕಿರುವಾಗಲೇ ಜನರನ್ನು ಸಿದ್ಧಮಾಡುವ ಮುಂದಾಳುಗಳು ಎಷ್ಟು ಜನ ಇದ್ದಾರೆ ಹೇಳಿ?

1980ರ ಮಾರ್ಚ್ 23, ಭಾನುವಾರ. ರೇಡಿಯೊ ಮತ್ತೆ ಶುರುವಾಗಿತ್ತು. ಅವತ್ತು ಅವರು ನೇರವಾಗಿ ಸೈನಿಕರನ್ನೇ ಉದ್ದೇಶಿಸಿ ಮಾತಾಡಿದರು. ನೀವು ಕೊಲ್ಲುತ್ತಿರುವುದು ನಿಮ್ಮದೇ ರೈತ ಅಣ್ಣತಮ್ಮಂದಿರನ್ನು. ಕೊಲ್ಲಬೇಡ ಎಂಬ ದೇವರ ಆಜ್ಞೆಗೆ ವಿರುದ್ಧವಾದ ಹುಕುಂ ಯಾರೂ ಪಾಲಿಸಬೇಕಿಲ್ಲ. ದೇವರ ಹೆಸರಿನಲ್ಲಿ ಬೇಡುತ್ತೇನೆ, ಆಜ್ಞೆ ಮಾಡುತ್ತೇನೆ, ಈ ದಮನ ನಿಲ್ಲಿಸಿ.

ಮರುದಿನ ಸಂಜೆ ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ ಪೂಜೆಯಿತ್ತು. ವರ್ಷದ ಹಿಂದೆ ತೀರಿಕೊಂಡ ಒಬ್ಬ ತಾಯಿಗಾಗಿ ಮಾಡಿಸಿದ ಪೂಜೆ. ಅವತ್ತಿನ ಶುಭಸಂದೇಶ ಯೊವಾನ್ನನದು: ಗೋಧಿಯ ಕಾಳು ನೆಲಕ್ಕೆ ಬಿದ್ದು ಸಾಯದಿದ್ದರೆ ಒಂದೇ ಆಗಿ ಉಳಿಯುತ್ತದೆ, ಸತ್ತರೆ ಬಹಳ ಫಲ ಕೊಡುತ್ತದೆ. ಪ್ರಬೋಧನೆ ಮುಗಿಸಿ ಕಾಣಿಕೆ ಅರ್ಪಣೆಗೆ ಅಣಿಯಾಗುತ್ತಿದ್ದಂತೆ ಬಾಗಿಲ ಕಡೆಯಿಂದ ಒಂದೇ ಒಂದು ಗುಂಡು ಬಂತು. ಪೀಠದ ಹಿಂದೆ ಕುಸಿದರು.

ಗರಿಗಳ ಭಾನುವಾರ ನಡೆದ ಅಂತ್ಯಕ್ರಿಯೆಯಲ್ಲೂ ಬಾಂಬ್ ಸಿಡಿಯಿತು, ಗುಂಡು ಹಾರಿತು, ನೂಕುನುಗ್ಗಲಾಗಿ ಹತ್ತಾರು ಜನ ಸತ್ತರು. ಮುಂದೆ 1992ರವರೆಗೂ ಒಳಯುದ್ಧ. ಸುಮಾರು 75,000 ಜನ ಪ್ರಾಣ ಕಳೆದುಕೊಂಡರು. ಕೊಲೆಗೆ ಆದೇಶ ಕೊಟ್ಟವನು ಮಾಜಿ ಮೇಜರ್ ರೊಬೆರ್ತೊ ದಾಬುಯಿಸೊನ್ ಎಂದು ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗ 1993ರಲ್ಲಿ ಹೇಳಿತು. ಅಷ್ಟರಲ್ಲಿ ಅವನು ಸತ್ತಿದ್ದ. 2018ರ ಅಕ್ಟೋಬರ್ 14ರಂದು ಪೋಪ್ ಫ್ರಾನ್ಸಿಸ್ ರೊಮೇರೊ ಅವರನ್ನು ಸಂತರೆಂದು ಸಾರಿದರು. ಅವತ್ತು ಪೋಪ್ ಸೊಂಟಕ್ಕೆ ಕಟ್ಟಿಕೊಂಡಿದ್ದು ರೊಮೇರೊ ಅವರ ರಕ್ತದ ಕಲೆಯಿದ್ದ ಪೂಜಾದಾರ.

ಸಂತ ಪದವಿ ದೊಡ್ಡದೇ. ಆದರೆ ರೊಮೇರೊ ಕೊಟ್ಟ ಭರವಸೆ ಗಟ್ಟಿಯಾದದ್ದು ಎಂದು ನನಗೆ ನಂಬಿಕೆ ಬರುವುದು ಇನ್ನೊಂದು ಕಡೆ. ಅವರ ನಂತರ ಆ ಪೀಠಕ್ಕೆ ಬಂದ ರಿವೇರಾ ಇ ದಾಮಾಸ್ ಹೆಸರು ಬರೆಯುವ ಕೆಲಸ ನಿಲ್ಲಿಸಲಿಲ್ಲ. 1982ರಲ್ಲಿ ತುತೇಲಾ ಲೆಗಾಲ್ ಎಂಬ ಮಾನವ ಹಕ್ಕು ಕಚೇರಿ ತೆರೆದರು. ಅದನ್ನು ನಡೆಸಿದವರು ಮರಿಯಾ ಹೂಲಿಯಾ ಎರ್ನಾಂದೆಸ್ ಎಂಬ ಹೆಣ್ಣುಮಗಳು. 1981ರ ಡಿಸೆಂಬರಿನಲ್ಲಿ ಸೈನ್ಯ ಎಲ್ ಮೊಸೊತೆ ಎಂಬ ಹಳ್ಳಿಯನ್ನೂ ಸುತ್ತಲಿನ ಊರುಗಳನ್ನೂ ಬಲಿಹಾಕಿತ್ತು. ಅಂಥದ್ದೇನೂ ನಡೆದಿಲ್ಲ ಎಂದು ಸರ್ಕಾರ ಸಾಧಿಸುತ್ತಲೇ ಇತ್ತು. ಈ ಕಚೇರಿಯವರು ಬದುಕುಳಿದವರನ್ನು, ನೆಂಟರಿಷ್ಟರನ್ನು ಹುಡುಕಿ ಕೇಳಿದರು. ಯಾರ ಮನೆಯಲ್ಲಿ ಎಷ್ಟು ಜನ, ಮಕ್ಕಳ ವಯಸ್ಸೆಷ್ಟು ಎಂದು ಬರೆದುಕೊಂಡರು. ರೊಮೇರೊ ಸತ್ತು ಹನ್ನೊಂದು ವರ್ಷದ ಮೇಲೆ, 1991ರಲ್ಲಿ, ಏಳುನೂರಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಹೊರಗೆ ಬಂತು. ಮರುವರ್ಷ ತಜ್ಞರು ಆ ಹಳ್ಳಿಯ ಚರ್ಚಿನ ಪಕ್ಕದ ಪುಟ್ಟ ಕಟ್ಟಡದ ನೆಲ ಅಗೆದರು. ಸಿಕ್ಕ ಮೂಳೆಗಳಲ್ಲಿ ಬಹುಪಾಲು ಮಕ್ಕಳದ್ದು. ಅಂಥದ್ದೇನೂ ನಡೆದಿಲ್ಲ ಎಂದು ಇನ್ನು ಮೇಲೆ ಯಾರೂ ಹೇಳುವ ಹಾಗಿರಲಿಲ್ಲ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆ. ನಮಸ್ಕಾರ.