ನಡುಗಡ್ಡೆಯ ಹಳೆಯ ನೆಲ

ಸಹೃದಯರೇ,

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಕಂಡುಬಂದವರಿಗೆ ಆ ಇಳಿತ ಮರೆಯುವಂಥದ್ದಲ್ಲ. ಜಲಾಶಯ ತುಂಬಿದ ದಿನಗಳಲ್ಲಿ ಸುತ್ತುಗೋಡೆಯ ಒಳಗಿನ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತಿದ್ದಂತೆ ಹೊರಗಿನ ನೀರು ನಮ್ಮ ತಲೆಗಿಂತ ಎತ್ತರದಲ್ಲಿ ನಿಲ್ಲುತ್ತದೆ. ಕೆಳಗೆ ಕಾಲಿಗೆ ತಗಲುವುದು ನಾರಾಯಣಪುರದ ಹಿನ್ನೀರು ಬರುವುದಕ್ಕೆ ಮುಂಚಿನ ನೆಲ.

ಪ್ಯಾರಿಸ್ ನಗರದ ಹೃದಯದಲ್ಲಿರುವ ಈಲ್ ದ ಲಾ ಸಿತೆ ಎಂಬ ನಡುಗಡ್ಡೆಯಲ್ಲಿಯೂ ಇಂಥದೇ ಒಂದು ಇಳಿತವಿದೆ. ಅದರ ಪಶ್ಚಿಮದ ತುದಿಯಲ್ಲಿ, ಸೇತುವೆಯ ಬದಿಯ ಮೆಟ್ಟಿಲಿಳಿದರೆ ವೆರ್ ಗಲಾಂ ಎಂಬ ಪುಟ್ಟ ತೋಟ ಸಿಗುತ್ತದೆ. ಅದು ಇಂದಿನ ನಗರದ ಮಟ್ಟಕ್ಕಿಂತ ಸುಮಾರು 7 ಮೀಟರ್ ತಗ್ಗಿನಲ್ಲಿದೆ. ನಡುಗಡ್ಡೆಯ ಮೂಲ ಮಟ್ಟವೇ ಅದು.

ಇಂದಿನ ಪ್ಯಾರಿಸ್ಸಿನ ಪೂರ್ವರೂಪವಾದ ರೋಮನ್ನರ ಲುಟೇಶಿಯಾ ಪಟ್ಟಣ ಬಹುಪಾಲು ಹರಡಿಕೊಂಡಿದ್ದದ್ದು ಸೀನ್ ನದಿಯ ಎಡದಂಡೆಯ ಗುಡ್ಡದ ಮೇಲೆ. ಮೂರನೆಯ ಶತಮಾನದಲ್ಲಿ ದಾಳಿಗಳು ಹೆಚ್ಚಿದಾಗ ಜನ ನಡುಗಡ್ಡೆಗೆ ಸರಿದರು. ಹಳೆಯ ಕಟ್ಟಡಗಳ ಕಲ್ಲುಗಳನ್ನೇ ಕಿತ್ತು ತಂದು ಅದರ ಸುತ್ತ ಕೋಟೆಗೋಡೆ ಎಬ್ಬಿಸಿದರು. 885-86ರಲ್ಲಿ ವೈಕಿಂಗರು ಮುತ್ತಿಗೆ ಹಾಕಿದಾಗ ಊರನ್ನು ಕಾಯ್ದದ್ದು ಈ ನಡುಗಡ್ಡೆಯೇ. ಮುಂದೆ ಪಶ್ಚಿಮದಲ್ಲಿ ಅರಮನೆಯೂ ಪೂರ್ವದಲ್ಲಿ 1163ರಲ್ಲಿ ಆರಂಭವಾದ ನೋತ್ರದಾಮ್ ಚರ್ಚೂ ಬೆಳೆದವು.

ಆ ತೋಟದ ಬದಿಯಲ್ಲಿರುವ, 1607ರಲ್ಲಿ ಮುಗಿದ ಪೋಂ ನೆಫ್ ಸೇತುವೆಯನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ಅದರ ಹೆಸರಿಗೆ ‘ಹೊಸ ಸೇತುವೆ’ ಎಂದರ್ಥವಾದರೂ ಇಂದು ಆ ನಗರದಲ್ಲಿ ಉಳಿದಿರುವ ಸೇತುವೆಗಳಲ್ಲಿ ಅದೇ ಅತ್ಯಂತ ಹಳೆಯದು. ಅಂದಿನ ಸೇತುವೆಗಳ ಮೇಲೆ ಎರಡೂ ಬದಿಗೆ ಮನೆಗಳು ಒತ್ತೊತ್ತಾಗಿ ನಿಂತಿದ್ದವು, ನಡೆಯುವವನಿಗೆ ಹೊಳೆ ಕಾಣುತ್ತಿರಲಿಲ್ಲ. ಇದರ ಮೇಲೆ ಮನೆಗಳನ್ನು ಕಟ್ಟಲಿಲ್ಲವಾದ್ದರಿಂದ ಊರಿನವರು ತಮ್ಮ ನದಿಯನ್ನು ನಿಂತು ನೋಡುವಂತಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಹೌಸ್ಮಾನ್ ಎಂಬ ಆಡಳಿತಗಾರನ ಯೋಜನೆಯಂತೆ ನಡುಗಡ್ಡೆಯ ಇಕ್ಕಟ್ಟಾದ ಓಣಿಗಳನ್ನು ಕೆಡವಲಾಯಿತು. ಸಾವಿರಾರು ಬಡವರು ಅಲ್ಲಿಂದ ಎದ್ದುಹೋದರು. ಅವರ ಮನೆಗಳ ಜಾಗದಲ್ಲಿ ಸರ್ಕಾರಿ ಕಟ್ಟಡಗಳೂ ಚರ್ಚಿನ ಮುಂದಿನ ಬಯಲೂ ಬಂದವು. ಕೊಳಕು, ರೋಗ, ಇಕ್ಕಟ್ಟು ಇದ್ದದ್ದು ನಿಜ. ಆದರೆ ಮನೆ ಬಿಟ್ಟೇಳುವುದೆಂದರೆ ಏನೆಂಬುದನ್ನು ಆಲಮಟ್ಟಿಯ ಹಿನ್ನೀರಿಗೆ ಓಣಿ ಒಪ್ಪಿಸಿ ನವನಗರಕ್ಕೆ ಬಂದ ಬಾಗಲಕೋಟೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ನೋತ್ರದಾಮ್ ಮುಂದಿನ ಆ ಬಯಲಿನಲ್ಲಿ 1965ರಿಂದ ನಡೆದ ಉತ್ಖನನದಲ್ಲಿ ರೋಮನ್ ಕಾಲದ ದಕ್ಕೆಯ ಗೋಡೆಯೂ ಹಳೆಯ ಮನೆಗಳ ಬುನಾದಿಗಳೂ ಸಿಕ್ಕವು. ಅವುಗಳನ್ನು ನೆಲದಡಿಯಲ್ಲೇ ಉಳಿಸಿ, 1980ರಲ್ಲಿ ಜನರಿಗೆ ತೆರೆದರು. ಮೇಲಿನ ನೆಲಹಾಸಿನಲ್ಲಿ, ಕೆಡವಿದ ಬೀದಿ ಎಲ್ಲಿ ಹಾದುಹೋಗಿತ್ತು ಎಂಬುದನ್ನು ಕಲ್ಲಿನ ಗೆರೆಗಳಲ್ಲಿ ತೋರಿಸಿದ್ದಾರೆ. ಬೇಸಿಗೆಯಲ್ಲಿ ಘಟಪ್ರಭೆಯ ನೀರು ಇಳಿದಾಗ ಹಳೆಯ ಬಾಗಲಕೋಟೆಯ ಹಿರಿಯರು ದಂಡೆಯಲ್ಲಿ ನಿಂತು, ತಮ್ಮ ಓಣಿ ಇಲ್ಲಿಂದ ಅಲ್ಲಿಯವರೆಗಿತ್ತು ಎಂದು ಬೆರಳಿನಿಂದ ಗಾಳಿಯಲ್ಲಿ ಎಳೆಯುವುದೂ ಅಂಥದೇ ಗೆರೆಯನ್ನು.