ಬೈದದ್ದು ಅವನನ್ನ, ಬಿದ್ದದ್ದು ಯಾರ ಮೇಲೆ?

ಕೇಳುಗರಿಗೆ ನಮಸ್ಕಾರ.

ಅಫಜಲಪುರ, ಚಿಂಚೋಳಿ, ಆಳಂದದ ಕಡೆ ಪಂಚಾಯ್ತಿ ಕಟ್ಟೆಗೆ ಕೂತು ಕೇಳುತ್ತಿರುವ ಅಣ್ಣತಮ್ಮಂದಿರಿಗೆ ಇವತ್ತು ಒಂದೇ ಮಾತು ಹೇಳಬೇಕಿದೆ. ಒಬ್ಬ ಪುಢಾರಿ ವೇದಿಕೆ ಹತ್ತಿ ಎದುರಾಳಿಗೆ ‘ಬೋಳಿಮಗ’ ಅಂತಾನೆ. ಜನ ಸಿಳ್ಳೆ ಹೊಡೆಯುತ್ತಾರೆ. ಬೈದದ್ದು ಅವನನ್ನ. ಬಿದ್ದದ್ದು ಯಾರ ಮೇಲೆ? ಊರಲ್ಲಿ ರೊಟ್ಟಿ ಬಡಿಯುತ್ತಾ ಕೂತಿರುವ ಅವನ ತಾಯಿಯ ಮೇಲೆ.

ಪದಗಳನ್ನ ಬಿಡಿಸಿ ನೋಡಿ. ಬೋಳಿ ಅಂದರೆ ಗಂಡ ಸತ್ತ ಮೇಲೆ ತಲೆ ಬೋಳಿಸಿಕೊಂಡ ಹೆಂಗಸು. ಮುಂಡೆ ಅಂದರೂ ಅದೇ. ರಂಡೆ ಎಂಬ ಸಂಸ್ಕೃತ ಪದಕ್ಕೂ ವಿಧವೆ ಎಂದೇ ಅರ್ಥ. ಮರಾಠಿಯಿಂದ ಬಂದ ಭಾಡಖಾವ್ ಅಂದರೆ ಹೆಣ್ಣಿನ ಮೈ ಮಾರಿದ ದುಡ್ಡು ತಿನ್ನುವವ. ಲಂಚ ತಿಂದವನಿಗೂ ಇದೇ, ರಸ್ತೆ ಮಾಡಿಸದವನಿಗೂ ಇದೇ, ಪಕ್ಷ ಬಿಟ್ಟವನಿಗೂ ಇದೇ. ಅವನು ಮಾಡಿದ ತಪ್ಪಿನ ಹೆಸರು ಆ ಬೈಗುಳದಲ್ಲಿ ಎಲ್ಲೂ ಇಲ್ಲ!

‘ಹಿಂದಿನಿಂದ ಬಂದ ಮಾತ್ರೀ, ಬಾಯಾಗ ಬಂದುಬಿಡ್ತದ’ ಅಂತೀರಿ. ಸರಿ, ಹಿಂದಕ್ಕೇ ಹೋಗೋಣ. ಬಾದಾಮಿ ಹತ್ತಿರದ ಮಹಾಕೂಟದಲ್ಲಿ ಒಂದು ಕನ್ನಡ ಶಾಸನವಿದೆ. ಕ್ರಿ.ಶ. 696ರಿಂದ 733ರವರೆಗೆ ಆಳಿದ ಚಾಲುಕ್ಯ ವಿಜಯಾದಿತ್ಯನ ಕಾಲದ್ದು. ದೊರೆಯ ಪ್ರಾಣವಲ್ಲಭೆ ವಿನಾಪೋಟಿಯನ್ನು ಶಾಸನ ‘ಸೂಳೆ’ ಎಂದೇ ಕರೆಯುತ್ತದೆ. ಆದರೆ ಹೇಗೆ ಕರೆಯುತ್ತದೆ ನೋಡಿ: ‘ವಿನಾಪೋಟಿಗಳ್’ ಅಂತ! ನಾವು ಸ್ವಾಮಿಗಳು, ಗುರುಗಳು ಅನ್ನುತ್ತೇವಲ್ಲ, ಅದೇ ಗೌರವದ ‘ಗಳು’. ಅವಳ ತಾಯಿಯ ಹೆಸರು, ಅಜ್ಜಿಯ ಹೆಸರು ಕೂಡ ಕಲ್ಲಿನ ಮೇಲಿವೆ. ತಂದೆಯ ವಂಶವಲ್ಲ, ತಾಯಿಯ ವಂಶ. ಆಕೆ ಅಲ್ಲಿ ಹಿರಣ್ಯಗರ್ಭ ಎಂಬ ಚಿನ್ನದ ದಾನ ಕೊಟ್ಟಳು, ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿದಳು, ಬೆಳ್ಳಿಯ ಕೊಡೆ ಎತ್ತಿಸಿದಳು, ಹೊಲ ದಾನ ಬಿಟ್ಟಳು. ಕಲ್ಲಿನ ಮೇಲೆ ಗೌರವದಿಂದ ಕೆತ್ತಿಸಿದ ಪದ ಅದು. ಅದನ್ನು ಎಂಜಲು ಮಾಡಿದವರು ಆಮೇಲಿನವರು, ಅಂದರೆ ನಾವೇ.

ಇನ್ನು ‘ಬಳಿ ತೊಟ್ಕೊಂಡು ಕೂಡ್ರು’, ‘ಗಂಡಸಾಗಿದ್ರ ಬಾ’ ಎಂಬ ಮಾತುಗಳು. ಇವು ಬೈಗುಳವೇ ಅಲ್ಲ ಅಂತ ವಾದಿಸುವವರಿದ್ದಾರೆ. ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಬಳೆ ತೊಟ್ಟ ಕೈಯೇ ಅಲ್ಲಿ ಚೆಕ್ಕಿಗೆ ಸಹಿ ಹಾಕುತ್ತಿರುವಾಗ, ಆ ಮಾತು ಯಾರ ಮೇಲೆ ಬಿತ್ತು?

ಹೊತ್ತು ಸರಿಯುತ್ತಿದೆ, ಕಾನೂನಿನ ಮಾತು ಬೇಗ ಹೇಳುತ್ತೇನೆ. ಹೆಣ್ಣುಮಗಳ ಮಾನಕ್ಕೆ ಕುಂದು ತರಲೆಂದೇ ಆಡಿದ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂನಲ್ಲಿ 3 ವರ್ಷದವರೆಗೆ ಜೈಲು, ಜತೆಗೆ ದಂಡ. ಕೇಸು ಸಡಿಲಾಗುವುದು ದೂರಿನಲ್ಲೇ: ‘ಅವಾಚ್ಯ ಶಬ್ದಗಳಿಂದ ಬೈದರು’ ಎಂದಷ್ಟೇ ಬರೆಸುತ್ತಾರೆ. ಅಷ್ಟು ಸಾಲದು. ಆಡಿದ ಮಾತನ್ನ ಇದ್ದದ್ದು ಇದ್ದಹಾಗೆ ಬರೆಸಿ, ಎಷ್ಟೇ ಹೊಲಸಾಗಿದ್ದರೂ. ದಿನ, ಹೊತ್ತು, ಜಾಗ, ಕೇಳಿದ ಇಬ್ಬರ ಹೆಸರು ಇರಲಿ. ವಿಧಾನಸಭೆ, ಲೋಕಸಭೆ ಚುನಾವಣೆಯ ಭಾಷಣವಾದರೆ ಚುನಾವಣಾ ಆಯೋಗಕ್ಕೆ ದೂರು ಕೊಡುವ ಸಿ-ವಿಜಿಲ್ ಆ್ಯಪ್ ತೆರೆದು ಅದರಲ್ಲೇ ವಿಡಿಯೊ ಹಿಡಿಯಿರಿ. 2 ನಿಮಿಷದವರೆಗೆ ಹಿಡಿಯಬಹುದು. ಮೊದಲೇ ಮೊಬೈಲಿನಲ್ಲಿ ಹಿಡಿದಿಟ್ಟದ್ದನ್ನು ಅದು ತೆಗೆದುಕೊಳ್ಳುವುದಿಲ್ಲ.

ಪಂಚಾಯ್ತಿ ಸದಸ್ಯೆಯರೇ, ಒಂದು ನೆನಪಿಡಿ. ಸದನದ ಒಳಗೆ ಆಡಿದ ಮಾತಿಗೆ ಶಾಸಕರಿಗೆ ಸಂವಿಧಾನದ 194ನೇ ವಿಧಿಯ ರಕ್ಷಣೆ ಇದೆ. ನಿಮ್ಮ ಸಭೆಯಲ್ಲಿ ಬೈದವನಿಗೆ ಅದಿಲ್ಲ. ಅವನ ಮಾತನ್ನ ಅಲ್ಲೇ, ಅವನೆದುರೇ, ನಡಾವಳಿಯಲ್ಲಿ ಬರೆಸಿ. ಬರೆದರೋ ಇಲ್ಲವೋ ಓದಿ ನೋಡಿದ ಮೇಲೆಯೇ ಸಹಿ ಹಾಕಿ.

ನಮಸ್ಕಾರ.